ಹಳೇ ಜಿಪ್ಸಿ, ಹಳೇ ಜೀಪಿಗೆ ಬೆಲೆ ಕಟ್ಟುವುದು ಹೇಗೆ?

"ಅಪ್ಪ ಓಡಿಸುತ್ತಿದ್ದ ಮಾರುತಿ ಜಿಪ್ಸಿ ಶೆಡ್ಡಿನಲ್ಲಿ ನಿಂತಿದೆ, ಎಷ್ಟಕ್ಕೆ ಕೊಡಬಹುದು?" "ಮಡಿಕೇರಿ ಕಡೆಯ ಮಹೀಂದ್ರ ಎಂಎಂ 540 ಜೀಪೊಂದು ಸಿಕ್ಕಿದೆ, ಅವರು ಹೇಳುವ ರೇಟು ಸರಿಯೇ?" ಬೆಂಗಳೂರಿನ ಓದುಗರಿಂದ ಈ ಎರಡು ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಗಾಡಿ ನೋಡದೆ ಒಂದು ಮೊತ್ತ ಹೇಳಿಬಿಟ್ಟರೆ ಮಾರುವವರಿಗೂ ಅನ್ಯಾಯ, ಕೊಳ್ಳುವವರಿಗೂ ಅನ್ಯಾಯ. ಅದಕ್ಕೇ ನಿಮ್ಮ ಗಾಡಿಗೆ ನೀವೇ ಲೆಕ್ಕ ಹಾಕಿಕೊಳ್ಳುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಮಾರುವವರಿರಲಿ, ಕೊಳ್ಳುವವರಿರಲಿ, ಮಾಡಬೇಕಾದ ಪರೀಕ್ಷೆ ಒಂದೇ.

ಮೊದಲೇ ಒಂದು ಮಾತು. ಮಾಮೂಲಿ ಕಾರಿನ ಬೆಲೆ ವರ್ಷ ಕಳೆದಂತೆ, ಕಿಲೋಮೀಟರ್ ಏರಿದಂತೆ ಇಳಿಯುತ್ತದೆ. ಇಪ್ಪತ್ತು ವರ್ಷ ದಾಟಿದ ಫೋರ್ ಬೈ ಫೋರ್ ಗಾಡಿಗೆ, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿಗೆ, ಆ ಲೆಕ್ಕ ನಡೆಯುವುದಿಲ್ಲ. ಇದರಲ್ಲಿ ಕಾಗದಪತ್ರ ಮೊದಲು, ಚಾಸಿ, ಅಂದರೆ ಬಾಡಿಯನ್ನು ಹೊರುವ ಅಡಿಯ ಉಕ್ಕಿನ ಚೌಕಟ್ಟು, ಎರಡನೆಯದು, ಕಂಪನಿಯಿಂದ ಬಂದ ರೂಪ ಎಷ್ಟು ಉಳಿದಿದೆ ಎಂಬುದು ಮೂರನೆಯದು. ಎಂಜಿನ್ ಅದರ ನಂತರ. ಬಣ್ಣ, ಟೈರು, ಲೈಟು ಕಟ್ಟಕಡೆಗೆ. ಬಹುಪಾಲು ಜನ ಇದನ್ನು ತಲೆಕೆಳಗಾಗಿ ನೋಡುತ್ತಾರೆ. ಹೊಳೆಯುವ ಬಣ್ಣಕ್ಕೆ ಮನಸೋತು ದುಡ್ಡು ಕೊಟ್ಟುಬಿಡುತ್ತಾರೆ, ಆಮೇಲೆ ಆರ್‌ಟಿಒ ಕಚೇರಿಗೆ ಅಲೆಯುತ್ತಾರೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಆರ್‌ಸಿ ಮತ್ತು ಇನ್ಶೂರೆನ್ಸಿನ ಪ್ರತಿ, ಒಳ್ಳೆಯ ಟಾರ್ಚು, ಒಂದು ಅಯಸ್ಕಾಂತ, ಸ್ಕ್ರೂಡ್ರೈವರ್, ನೆಲದ ಮೇಲೆ ಮಲಗಿ ನೋಡಲು ಹಾಸಿಕೊಳ್ಳುವ ಗೋಣಿಚೀಲ, ಮತ್ತು ಅರ್ಧ ದಿನ. ಬೆಳಿಗ್ಗೆಯೇ ಹೋಗಿ. ನೀವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಡಬೇಡಿ ಎಂದು ಮಾಲೀಕರಿಗೆ ಹಿಂದಿನ ದಿನವೇ ಹೇಳಿ.

ಹಂತ 1: ನಿಮ್ಮ ಮುಂದಿರುವುದು ಯಾವ ಗಾಡಿ?

"ಜಿಪ್ಸಿ" ಎಂದರೆ ಒಂದೇ ಗಾಡಿ ಅಲ್ಲ. 1985ರ ಕೊನೆಗೆ ಬಂದದ್ದು ಎಂಜಿ 410, ಅದರ ಎಂಜಿನ್ 970 ಸಿಸಿ. 1993ರಲ್ಲಿ ಎಡಬಲ ಚಕ್ರಗಳ ನಡುವಿನ ಅಂತರ ಹೆಚ್ಚಿಸಿದ ವೈಡ್ ಟ್ರ್ಯಾಕ್ ಬಂತು. 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಬಂತು. ಆರ್‌ಸಿಯಲ್ಲಿ ಇದು ಎಂಜಿ 413 ಡಬ್ಲ್ಯು ಎಂದು ಕಾಣುತ್ತದೆ. 2000ದಲ್ಲಿ ಕಿಂಗ್‌ನ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ ಬಂತು, ಅಂದರೆ ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಪ್ರತಿ ಸಿಲಿಂಡರಿಗೆ ಚಿಮ್ಮಿಸುವ ವ್ಯವಸ್ಥೆ. ಶಕ್ತಿ ಸುಮಾರು 60ರಿಂದ 80 ಅಶ್ವಶಕ್ತಿಗೆ ಏರಿತು. 2018ರ ಡಿಸೆಂಬರ್ ಮುಗಿಯುತ್ತಲೇ ಸಾರ್ವಜನಿಕರಿಗೆ ಬುಕಿಂಗ್ ನಿಂತಿತು. ದಿನನಿತ್ಯ ಓಡಿಸುವವರು ಹುಡುಕುವುದು ಎಂಪಿಎಫ್‌ಐ ಕಿಂಗ್ ಅನ್ನೇ, ಅದರಲ್ಲೂ ಕೊನೆಯ ವರ್ಷಗಳದ್ದನ್ನು. ಮೊದಲ ಎಂಜಿ 410 ಅಪ್ಪಟ ಸ್ಥಿತಿಯಲ್ಲಿದ್ದರೆ ಮಾತ್ರ ಸಂಗ್ರಹಕಾರರು ಕೇಳುತ್ತಾರೆ. ಸೊರಗಿದ 410ಕ್ಕೆ ಗಿರಾಕಿ ಕಡಿಮೆ.

ಮಹೀಂದ್ರ ಜೀಪುಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಸಿಜೆ 3ಬಿ, ಪ್ಯೂಜೋ ಮೂಲದ 2.1 ಲೀಟರ್ ಡೀಸೆಲ್ ಇರುವ ಎಂಎಂ 540, ಆಮೇಲಿನ ಎಂಎಂ 550, ಮೇಜರ್, ಎಲ್ಲವೂ ದೂರದಿಂದ ಒಂದೇ ಥರ ಕಾಣುತ್ತವೆ. ಈ ಜೀಪುಗಳಲ್ಲಿ ಎರಡೇ ಚಕ್ರಕ್ಕೆ ಎಳೆತವಿದ್ದ ಮಾದರಿಗಳೂ ಕಂಪನಿಯಿಂದಲೇ ಬಂದಿದ್ದವು. ಅಂಥದಕ್ಕೆ ಆಮೇಲೆ ಗ್ಯಾರೇಜಿನಲ್ಲಿ ಮುಂದಿನ ಹೌಸಿಂಗ್, ಅಂದರೆ ಮುಂದಿನ ಚಕ್ರಗಳಿಗೆ ಎಳೆತ ಕೊಡುವ ಆಕ್ಸಲ್, ಕೂರಿಸಿ "ಫೋರ್ ಬೈ ಫೋರ್" ಎಂದು ಮಾರುವುದುಂಟು. ಹೆಸರಿನ ಪಟ್ಟಿ ನೋಡಿ ನಂಬಬೇಡಿ, ಆರ್‌ಸಿಯಲ್ಲಿರುವ ಮಾದರಿ ಓದಿ.

ಹಂತ 2: ಕಾಗದಪತ್ರ

ಇಲ್ಲಿ ಅವಸರ ಬೇಡ. ಗಾಡಿ ಮುಟ್ಟುವ ಮೊದಲು ಆರ್‌ಸಿಯ ಫೋಟೋ ತರಿಸಿಕೊಂಡು ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಎಷ್ಟನೇ ಓನರ್, ಇನ್ಶೂರೆನ್ಸ್ ಯಾವತ್ತಿಗೆ ಮುಗಿಯುತ್ತದೆ, ನೋಂದಣಿ ಎಲ್ಲಿಯವರೆಗಿದೆ ಎಂಬುದು ಗೊತ್ತಾಗುತ್ತದೆ. ಹೈಪೋಥಿಕೇಷನ್ ಇನ್ನೂ ತೋರಿಸುತ್ತಿದ್ದರೆ, ಅಂದರೆ ಗಾಡಿ ಸಾಲದ ಅಡಮಾನದಲ್ಲಿದೆ ಎಂದು ಬರೆದಿದ್ದರೆ, ಸಾಲ ತೀರಿದೆ ಎಂಬ ಬ್ಯಾಂಕಿನ ಪತ್ರ ಮತ್ತು ಅಡಮಾನ ತೆಗೆಸುವ ಫಾರ್ಮ್ 35 ಇಲ್ಲದೆ ಮಾತು ಮುಂದುವರಿಸಬೇಡಿ. ಸಾಲ ಎಂದೋ ತೀರಿರುತ್ತದೆ, ಆದರೆ ಸಾಲ ಕೊಟ್ಟ ಸಂಸ್ಥೆಯೇ ಮುಚ್ಚಿ ಹೋಗಿದ್ದರೆ ಆ ಒಂದು ಪತ್ರಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಫಾರ್ಮ್ 25 ಕೊಟ್ಟು, ಗಾಡಿಯನ್ನು ತಪಾಸಣೆಗೆ ಒಯ್ದು, ಐದೈದು ವರ್ಷಕ್ಕೆ ನವೀಕರಿಸಬೇಕು. ನಮ್ಮಲ್ಲಿ ಇದನ್ನೇ "ಎಫ್‌ಸಿ ಮಾಡಿಸುವುದು" ಎನ್ನುತ್ತಾರೆ. 2022ರ ಏಪ್ರಿಲ್‌ನಿಂದ ಕಾರು ಜೀಪುಗಳ ನವೀಕರಣ ಶುಲ್ಕ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ ಅದನ್ನು 10,000ಕ್ಕೆ ಏರಿಸಿದರು. ರಾಜ್ಯದ ಹಸಿರು ತೆರಿಗೆ ಬೇರೆ, ಆದರೆ ಅದು ಸಣ್ಣ ಮೊತ್ತ. ಜೇಬಿಗೆ ನಿಜವಾಗಿ ಭಾರವಾಗುವುದು ತಡಮಾಡಿದ್ದಕ್ಕೆ ಕಟ್ಟಬೇಕಾದ ಹಣ: ತಿಂಗಳಿಗೆ 500 ರೂಪಾಯಿ. ಮೂರು ವರ್ಷ ನವೀಕರಿಸದೆ ಶೆಡ್ಡಿನಲ್ಲಿಟ್ಟ ಗಾಡಿ ಎಂದರೆ ಇದೊಂದೇ 18,000 ಆಗುತ್ತದೆ. ಬೆಲೆ ಮಾತಾಡುವ ಮೊದಲು ಪರಿವಾಹನ್ ತಾಣದಲ್ಲಿ ಅಂದಿನ ಬಾಕಿ ಎಷ್ಟೆಂದು ನೋಡಿಕೊಳ್ಳಿ. ಮಾರುವವರಿಗೆ ನನ್ನ ಸಲಹೆ ಇಷ್ಟೇ: ಬೇರೆ ಯಾವುದಕ್ಕೂ ಖರ್ಚು ಮಾಡದಿದ್ದರೂ ಎಫ್‌ಸಿ ಮಾಡಿಸಿಯೇ ಮಾರಿ. ಮುಂದಿನ ಐದು ವರ್ಷ ಚಿಂತೆಯಿಲ್ಲದ ಆರ್‌ಸಿಗೆ ಗಿರಾಕಿ ಹಾಕಿದ ಖರ್ಚಿಗಿಂತ ಹೆಚ್ಚು ಕೊಡುತ್ತಾನೆ, ಏಕೆಂದರೆ ಗಾಡಿ ತಪಾಸಣೆಯಲ್ಲಿ ಪಾಸಾಗಿದೆ ಎಂಬ ಭರವಸೆಯೂ ಅದರ ಜೊತೆಗೇ ಸಿಗುತ್ತದೆ.

ಮುಂದಿನದು ಚಾಸಿ ನಂಬರ್ ಮತ್ತು ಎಂಜಿನ್ ನಂಬರ್. ಆರ್‌ಸಿ ಕೈಯಲ್ಲಿ ಹಿಡಿದು ಒಂದೊಂದೇ ಅಂಕಿ ತಾಳೆ ನೋಡಿ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಅಂಕಿಗಳ ಎತ್ತರ, ಸಾಲು ಒಂದೇ ಸಮ ಇದೆಯೇ, ಸುತ್ತ ಗ್ರೈಂಡಿಂಗ್ ಅಥವಾ ವೆಲ್ಡಿಂಗ್ ಗುರುತಿದೆಯೇ ಎಂದು ಬಿಸಿಲಿನಲ್ಲಿ ನೋಡಿ. ತುಕ್ಕು ತಿಂದು ನಂಬರ್ ಓದಲಾಗದಿದ್ದರೂ ತೊಂದರೆಯೇ, ನವೀಕರಣದ ತಪಾಸಣೆಯಲ್ಲಿ ಅದು ಎದುರಾಗುತ್ತದೆ. ಎಂಜಿನ್ ಬದಲಾಗಿದ್ದರೆ ಆರ್‌ಸಿಯಲ್ಲಿ ಅದು ದಾಖಲಾಗಿರಬೇಕು. "ಆಮೇಲೆ ಮಾಡಿಸಿಕೊಡ್ತೀನಿ ಸಾರ್" ಎಂಬ ಮಾತಿಗೆ ಬೆಲೆಯಿಲ್ಲ. ಕಳವಿನ ಗಾಡಿಯೇ ಎಂಬ ಅನುಮಾನ ಬಂದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) ವಾಹನ ಸಮನ್ವಯ ಸೇವೆಯಲ್ಲಿ ನೋಡಬಹುದು.

ಹೊರರಾಜ್ಯದ ಗಾಡಿಗಳ ಬಗ್ಗೆ ಬಿಡಿಸಿ ಹೇಳಲೇಬೇಕು. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿಯ ನಿರ್ಬಂಧ ಬಂದಾಗಿನಿಂದ ಅಲ್ಲಿಯ ಜಿಪ್ಸಿಗಳು ದಕ್ಷಿಣಕ್ಕೆ ಬರುತ್ತಿವೆ. ಜಾಹೀರಾತಿನಲ್ಲಿ ಅಗ್ಗವಾಗಿ ಕಾಣುವುದು ಇವೇ. ಆದರೆ ಫಾರ್ಮ್ 28ರ ಎನ್‌ಒಸಿ, ಅಂದರೆ ಅಲ್ಲಿಯ ಆರ್‌ಟಿಒದ ನಿರಾಕ್ಷೇಪಣಾ ಪತ್ರ, ಕೈಯಲ್ಲಿರಬೇಕು. ಇಲ್ಲಿಗೆ ಬಂದ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ, ಹೊಸ ನಂಬರ್, ತಪಾಸಣೆ, ಇದೆಲ್ಲ ಇದೆ. ಈ ಖರ್ಚು ಮತ್ತು ಅಲೆದಾಟ ಕೂಡಿಸಿ ನೋಡಿದರೆ ಆ ಅಗ್ಗ ಎಷ್ಟೋ ಸಲ ಕರಗಿ ಹೋಗುತ್ತದೆ. ಎನ್‌ಒಸಿ ಇಲ್ಲದ ಹೊರರಾಜ್ಯದ ಗಾಡಿಗೆ ಬಿಡಿಭಾಗಗಳ ಬೆಲೆಯನ್ನಷ್ಟೇ ಕಟ್ಟಿ.

ಮಿಲಿಟರಿ ಹರಾಜಿನ ಗಾಡಿಯಾದರೆ ಹರಾಜಿನ ಮೂಲ ಕಾಗದಗಳು, ಆಮೇಲೆ ನಾಗರಿಕ ನೋಂದಣಿ ಆದದ್ದಕ್ಕೆ ದಾಖಲೆ ಎರಡೂ ಬೇಕು. ಆರ್‌ಸಿಯಲ್ಲಿ ತಯಾರಾದ ವರ್ಷ ಮತ್ತು ನೋಂದಣಿಯಾದ ವರ್ಷ ಬೇರೆ ಬೇರೆ ಇರುತ್ತದೆ. ಬೆಲೆಗೆ ಹಿಡಿಯಬೇಕಾದ್ದು ತಯಾರಾದ ವರ್ಷ. ಮತ್ತೊಂದು ವಿಷಯ ಬಹಳ ಜನ ಗಮನಿಸುವುದೇ ಇಲ್ಲ: ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಆ ಬಣ್ಣ ಬಳಿದು "ಆರ್ಮಿ ಲುಕ್" ಎಂದು ಹೆಚ್ಚು ಕೇಳಿದರೆ ನೀವು ಪೂರ್ತಿ ಪೇಂಟಿಂಗ್ ಖರ್ಚನ್ನು ಬೆಲೆಯಿಂದ ಕಳೆಯಿರಿ.

50 ವರ್ಷ ದಾಟಿದ ವಿಲ್ಲೀಸ್, ಹಳೇ ಸಿಜೆ 3ಬಿಗಳಿಗೆ 2021ರಿಂದ ವಿಂಟೇಜ್ ನೋಂದಣಿ ಬಂದಿದೆ. ನಂಬರಿನಲ್ಲಿ ವಿಎ ಅಕ್ಷರ ಇರುತ್ತದೆ, ಹತ್ತು ವರ್ಷದ ಅವಧಿ, ಮೊದಲ ಶುಲ್ಕ 20,000 ರೂಪಾಯಿ. ಆದರೆ ಆ ನೋಂದಣಿಯಲ್ಲಿ ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಭಾನುವಾರ ನಂದಿಬೆಟ್ಟಕ್ಕೆ ಹೋಗಿಬರುವ ಆಸೆಯಿದ್ದವರು ಮಾಮೂಲಿ ನೋಂದಣಿ ಜೀವಂತ ಇರುವ ಜೀಪನ್ನೇ ಹುಡುಕಲಿ, ಅದಕ್ಕೆ ಒಂದಿಷ್ಟು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಹಂತ 3: ನಂಬರ್ ಪ್ಲೇಟಿನಿಂದ ಗಾಡಿಯ ಬಾಳು ಊಹಿಸಿ

ಇದಕ್ಕೆ ಎರಡು ನಿಮಿಷ ಸಾಕು. ಕೆಎ-19 ಮಂಗಳೂರು, ಕೆಎ-20 ಉಡುಪಿ: ಕಡಲ ಗಾಳಿಯ ಉಪ್ಪು ತಿಂದ ಗಾಡಿ, ತುಕ್ಕನ್ನು ಇನ್ನಷ್ಟು ಹುಡುಕಿ. ಕೆಎ-12 ಮಡಿಕೇರಿ, ಕೆಎ-18 ಚಿಕ್ಕಮಗಳೂರು, ಕೆಎ-46 ಸಕಲೇಶಪುರ: ಕಾಫಿ ತೋಟದಲ್ಲಿ ದುಡಿದಿರಬಹುದು. ಕಿಲೋಮೀಟರ್ ಕಡಿಮೆ, ಆದರೆ ಲೋ ಗೇರಿನಲ್ಲಿ, ಕೆಸರಿನಲ್ಲಿ, ಮೂಟೆ ಹೊತ್ತು ಓಡಿದ ಕಿಲೋಮೀಟರ್ ಅದು. ಬೆಂಗಳೂರಿನ ಕೆಎ-01ರಿಂದ ಕೆಎ-05ರವರೆಗಿನ ಹಳೇ ನಂಬರುಗಳಲ್ಲಿ ಚಾಸಿ ತುಕ್ಕಿಲ್ಲದೆ ಉಳಿದಿರುವ ಸಾಧ್ಯತೆ ಹೆಚ್ಚು, ಕ್ಲಚ್ಚು ಸವೆದಿರುವ ಸಾಧ್ಯತೆಯೂ ಹೆಚ್ಚು. 1989ಕ್ಕೆ ಮುಂಚಿನ ಸಿಎ, ಎಂಇ, ಎಂವೈ ಸಾಲಿನ ನಂಬರ್ ಇನ್ನೂ ಉಳಿದಿದ್ದರೆ ಆ ಜೀಪಿಗೆ ಅದೇ ಒಂದು ಗೌರವ. ಆದರೆ ಅಂಥ ಹಳೇ ಪುಸ್ತಕದ ಆರ್‌ಸಿ ಕಂಪ್ಯೂಟರಿನ ದಾಖಲೆಗೆ ಏರಿದೆಯೇ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಏರದಿದ್ದರೆ ವರ್ಗಾವಣೆ ಅಲ್ಲೇ ನಿಲ್ಲುತ್ತದೆ.

ಹಂತ 4: ಗೋಣಿಚೀಲ ಹಾಸಿ ಅಡಿಯಲ್ಲಿ ಮಲಗಿ

ಜಿಪ್ಸಿ, ಜೀಪು ಎರಡರಲ್ಲೂ ಬಾಡಿ ಬೇರೆ, ಚಾಸಿ ಬೇರೆ. ಬಾಡಿ ಹೋದರೆ ಟಿಂಕರಿಂಗ್ ಮಾಡಿಸಬಹುದು. ಚಾಸಿ ಹೋದರೆ ಗಾಡಿಯೇ ಹೋದಂತೆ. ಆದ್ದರಿಂದ ಚಾಸಿಯ ಎರಡು ಉದ್ದ ತೊಲೆಗಳನ್ನು ಮುಂದಿನಿಂದ ಹಿಂದಿನವರೆಗೆ ಟಾರ್ಚು ಬಿಟ್ಟು ನೋಡಿ. ಸ್ಪ್ರಿಂಗ್ ಕಟ್ಟುವ ಹ್ಯಾಂಗರ್‌ಗಳ ಬುಡ, ಬಾಡಿ ಕೂರುವ ಮೌಂಟಿಂಗ್‌ಗಳು, ಹಿಂದಿನ ಅಡ್ಡ ತೊಲೆ, ಸ್ಟೀರಿಂಗ್ ಬಾಕ್ಸ್ ಬಿಗಿದ ಜಾಗ, ಇವು ನಾಲ್ಕು ಮುಖ್ಯ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಲೋಹದ ಸದ್ದು ಬಂದರೆ ಸರಿ, ಮಂಕಾದ ಸದ್ದು ಬಂದರೆ ಒಳಗೆ ತುಕ್ಕು ತಿಂದಿದೆ. ಹೊಸದಾಗಿ ದಪ್ಪ ಕಪ್ಪು ಅಂಡರ್‌ಕೋಟ್ ಬಳಿದಿದ್ದರೆ ಎಚ್ಚರ. ಅದರಡಿ ಪ್ಯಾಚ್ ವೆಲ್ಡಿಂಗ್ ಮುಚ್ಚಿಟ್ಟಿರುವುದು ಸಾಮಾನ್ಯ. ಒಂದೆರಡು ಕಡೆ ಕೆರೆದು ನೋಡಲು ಮಾಲೀಕರ ಅನುಮತಿ ಕೇಳಿ. ಬೇಡ ಎಂದರೆ ಅದೂ ಒಂದು ಉತ್ತರವೇ.

ಬಾಡಿಯಲ್ಲಿ ಮ್ಯಾಟು ಎತ್ತಿ ಕಾಲಿಡುವ ಜಾಗ ನೋಡಿ, ಹಿಂದಿನ ಚಕ್ರದ ಕಮಾನು ನೋಡಿ, ಮುಂದಿನ ಗಾಜಿನ ಚೌಕಟ್ಟಿನ ಬುಡ ನೋಡಿ. ಸಾಫ್ಟ್ ಟಾಪ್ ಗಾಡಿಗಳಲ್ಲಿ ನೀರು ಇಳಿಯುವುದು ಈ ಮೂರು ಕಡೆಗೇ. ಅಯಸ್ಕಾಂತ ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಪುಟ್ಟಿ ತುಂಬಿದೆ ಎಂದು ಬರೆದುಕೊಳ್ಳಿ. ಫೈಬರ್ ಟಾಪ್ ಹಾಕಿದ್ದರೆ ಅದರ ಮೇಲೆ ಅಯಸ್ಕಾಂತ ಹಿಡಿಯದು, ಅದನ್ನು ತಪ್ಪಾಗಿ ಎಣಿಸಬೇಡಿ.

ಹಂತ 5: ಎಂಜಿನ್

ಬಾನೆಟ್ ಮುಟ್ಟಿ ತಣ್ಣಗಿದೆಯೇ ನೋಡಿ, ಆಮೇಲೆ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಒಂದೇ ಸಮನೆ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗಿನಿಂದ ಹೊಗೆ ಉಗುಳುತ್ತಿದೆಯೇ ನೋಡಿ, ಉಗುಳಿದರೆ ಪಿಸ್ಟನ್ ರಿಂಗ್ ಸವೆದಿವೆ. ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಪರೀಕ್ಷೆ, ಮಾಡಿಸಿದರೆ ಎಲ್ಲ ಸಿಲಿಂಡರ್‌ಗಳ ಅಂಕಿ ಹತ್ತಿರ ಹತ್ತಿರ ಇರಬೇಕು. ಕಿಂಗ್ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಇದೆ; ಯಾವಾಗ ಬದಲಿಸಿದರು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ ಬದಲಿಸಬೇಕೆಂದೇ ಲೆಕ್ಕ ಹಾಕಿ. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಆ ಕಾಲದ ರಬ್ಬರ್ ಪೈಪುಗಳು, ಕಾರ್ಬುರೇಟರಿನ ಸೀಲುಗಳು ಇದಕ್ಕೆಂದು ಮಾಡಿದವಲ್ಲ. ಅವು ಬಿರಿದಿವೆಯೇ, ಪೆಟ್ರೋಲ್ ವಾಸನೆ ಬರುತ್ತಿದೆಯೇ ಗಮನಿಸಿ.

ಎಂಜಿನ್ ಸೋತಿದ್ದರೆ ಹೆದರಿ ಓಡಬೇಕಾಗಿಲ್ಲ. ಕಿಂಗ್ ಎಂಜಿನ್ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ನಗರದಲ್ಲಿ ಇದ್ದಾರೆ, ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಶಿವಾಜಿನಗರ ಇವೆ. ಓವರ್‌ಹಾಲ್ ಖರ್ಚನ್ನು ಮೊದಲೇ ಕೇಳಿಕೊಂಡು ಬೆಲೆಯಲ್ಲಿ ಕಳೆದರಾಯಿತು.

ಹಂತ 6: ಓಡಿಸಿ ನೋಡುವುದು

ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸಿದರೆ ಈ ಗಾಡಿಗಳ ಬಣ್ಣ ಬಯಲಾಗುವುದಿಲ್ಲ. ನೈಸ್ ರಸ್ತೆಯಂಥ ನೇರ ದಾರಿ ಬೇಕು. ಗಂಟೆಗೆ 50ರಿಂದ 70 ಕಿಲೋಮೀಟರ್ ವೇಗದಲ್ಲಿ ಸ್ಟೀರಿಂಗ್ ಜೋರಾಗಿ ನಡುಗತೊಡಗಿದರೆ ಮುಂದಿನ ಕಿಂಗ್‌ಪಿನ್ ಬೇರಿಂಗ್, ಅಂದರೆ ಚಕ್ರ ತಿರುಗುವ ಕೀಲಿನ ಬೇರಿಂಗ್, ಅಥವಾ ಟೈ ರಾಡ್ ತುದಿಗಳು ಸವೆದಿವೆ. "ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೆ ಸರಿಹೋಗುತ್ತೆ" ಎನ್ನುತ್ತಾರೆ, ಹಲವು ಸಲ ಹೋಗುವುದಿಲ್ಲ. ಮುಂದಿನ ಚಕ್ರದ ಒಳಬದಿಯ ಗುಂಡು ಭಾಗದಲ್ಲಿ ಗ್ರೀಸು ಆಯಿಲು ಸೋರಿ ಧೂಳು ಮೆತ್ತಿದ್ದರೆ ಸೀಲೂ ಹೋಗಿದೆ.

ಫೋರ್ ಬೈ ಫೋರ್ ಪರೀಕ್ಷೆಯನ್ನು ಒಣ ಡಾಂಬರಿನ ಮೇಲೆ ಎಂದಿಗೂ ಮಾಡಬೇಡಿ. ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಹೌಸಿಂಗ್‌ಗಳ ನಡುವೆ ಡಿಫರೆನ್ಷಿಯಲ್, ಅಂದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು, ಇಲ್ಲ. ಗಟ್ಟಿ ನೆಲದಲ್ಲಿ ತಿರುಗಿಸಿದರೆ ಬಿಗಿತ ಎಲ್ಲ ಗೇರುಗಳ ಮೇಲೆ ಬಿದ್ದು ಚೆನ್ನಾಗಿರುವುದೂ ಕೆಡುತ್ತದೆ. ಮಣ್ಣಿನ ಮೈದಾನ ಹುಡುಕಿ. ಅಲ್ಲಿ ನಾಲ್ಕು ಚಕ್ರದ ಎಳೆತದ ಎರಡೂ ಗೇರು, ಅಂದರೆ ಮಾಮೂಲಿ ವೇಗದ ಫೋರ್ ಹೈ, ನಿಧಾನ ವೇಗದ ಫೋರ್ ಲೋ, ಹಾಕಿ ನಿಧಾನ ಓಡಿಸಿ. ಫೋರ್ ಲೋ ಹಾಕಿ ಆಕ್ಸಿಲರೇಟರ್ ಬಿಟ್ಟಾಗ ಲಿವರ್ ತಾನೇ ಹೊರಕ್ಕೆ ಜಿಗಿದರೆ ಟ್ರಾನ್ಸ್‌ಫರ್ ಕೇಸ್, ಅಂದರೆ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ, ಬಿಚ್ಚಿ ರಿಪೇರಿ ಮಾಡಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಮುಂದಿನಿಂದ ಟಕ್ ಟಕ್ ಎಂದರೆ ಜಾಯಿಂಟ್ ಸವೆದಿದೆ. ಮುಂದಿನ ಚಕ್ರಗಳು ನಿಜವಾಗಿ ಎಳೆಯುತ್ತಿವೆಯೇ ಎಂದು ಒಬ್ಬರು ಕೆಳಗೆ ನಿಂತು ನೋಡಲಿ. ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನೇ ಕಳಚಿಟ್ಟು ಮಾರುವ ಗಾಡಿಗಳಿವೆ.

ಹಂತ 7: ಹಾಕಿಸಿದ್ದಕ್ಕೆ ದುಡ್ಡು ವಾಪಸ್ ಬರುತ್ತದೆಯೇ?

ಮಾರುವವರಿಗೆ ಹೇಳಲು ಕಷ್ಟವಾಗುವ ಹಂತ ಇದು. ದೊಡ್ಡ ಟೈರು, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚು, ಉಕ್ಕಿನ ಬಂಪರು, ಎತ್ತರಿಸಿದ ಸ್ಪ್ರಿಂಗು, ಇವಕ್ಕೆ ನೀವು ಪ್ರೀತಿಯಿಂದ ಸುರಿದ ಹಣ ಬೆಲೆಯಲ್ಲಿ ಪೂರ್ತಿ ಕಾಣುವುದಿಲ್ಲ. ಕೆಲವು ಬೆಲೆಯನ್ನು ಇಳಿಸುತ್ತವೆ ಕೂಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ವಿರುದ್ಧವಾದ ಬದಲಾವಣೆ ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ತಪಾಸಣೆಗೆ ಹೋಗುವಾಗ ಮೂಲ ಬಂಪರು, ಮೂಲ ಟೈರು ಇಲ್ಲದಿದ್ದರೆ ಹೊಸ ಮಾಲೀಕ ಅವನ್ನು ಹುಡುಕಿಕೊಂಡು ಅಲೆಯಬೇಕು. ನೀವು ಬಿಚ್ಚಿಟ್ಟ ಮೂಲ ಸಾಮಾನುಗಳು ಮನೆಯ ಮೂಲೆಯಲ್ಲಿದ್ದರೆ ಎಸೆಯಬೇಡಿ, ಗಾಡಿಯ ಜೊತೆಗೇ ಕೊಡಿ. ಆಮೇಲೆ ಹಾಕಿಸಿದ ಸಾಮಾನುಗಳನ್ನು ಮಾತ್ರ ಬೇರೆಯಾಗಿ ಮಾರಿದರೆ ಹೆಚ್ಚು ಸಿಗುತ್ತದೆ.

ಕೊಳ್ಳುವವರಿಗೆ: ಉತ್ತರ ಭಾರತದಲ್ಲಿ, ಹರಿಯಾಣದ ಮಂಡಿ ಡಬ್ವಾಲಿಯಂಥ ಕಡೆ, ಜೋಡಿಸಿದ ಮಿರುಗುವ ಜೀಪುಗಳು ಆಕರ್ಷಕ. ಬಾಡಿ ಹೊಸದು, ಆರ್‌ಸಿ ಯಾವುದೋ ಹಳೇ ಜೀಪಿನದು ಎಂಬ ಸಂದರ್ಭ ಇದ್ದರೆ ಹಂತ 2ನ್ನು ಮತ್ತೊಮ್ಮೆ ಓದಿ.

ಹಂತ 8: ಲೆಕ್ಕ

ಇನ್ಶೂರೆನ್ಸಿನ ಐಡಿವಿ ನೋಡಿ ಬೆಲೆ ಕಟ್ಟಬೇಡಿ. ಐಡಿವಿ ಎಂದರೆ ಗಾಡಿ ಪೂರ್ತಿ ಹೋದರೆ ಕಂಪನಿ ಕೊಡುವ ಮೊತ್ತ. ಐದು ವರ್ಷದ ನಂತರ ಅದಕ್ಕೆ ಸಿದ್ಧ ಪಟ್ಟಿ ಇಲ್ಲ, ಕಂಪನಿಯೂ ಮಾಲೀಕರೂ ಒಪ್ಪಿಕೊಂಡದ್ದೇ ಅಂಕಿ. ಪೇಟೆಯ ಬೆಲೆಗೂ ಅದಕ್ಕೂ ಸಂಬಂಧ ಕಡಿಮೆ.

ನೆಲಮಟ್ಟ ಯಾವುದು? ಸುಮಾರು ಒಂದು ಟನ್ ತೂಕದ ಜಿಪ್ಸಿಗೆ ಗುಜರಿಯಲ್ಲಿ ಅಂದು ಸಿಗುವ ದರ. ಮೇಲ್ಮಟ್ಟ? ಅದೇ ಹಣಕ್ಕೆ ಬರುವ ಸೆಕೆಂಡ್ ಹ್ಯಾಂಡ್ ಮಹೀಂದ್ರ ಥಾರ್ ಅಥವಾ 2023ರಲ್ಲಿ ಬಂದ ಮಾರುತಿ ಜಿಮ್ನಿ. ತೀರಾ ಅಪರೂಪದ ಗಾಡಿ ಬಿಟ್ಟರೆ ಬೆಲೆ ಈ ಎರಡರ ನಡುವೆ. ಈಗ ಅದೇ ಮಾದರಿ, ಹತ್ತಿರದ ವರ್ಷದ ಆರೇಳು ಗಾಡಿಗಳ ಜಾಹೀರಾತು ಬೆಲೆ ಬರೆದುಕೊಂಡು ಮೂರು ವಾರ ಕಾಯಿರಿ. ಬೇಗ ಮಾಯವಾದವು ನಿಜ ಬೆಲೆಯ ಹತ್ತಿರ ಇದ್ದವು. ಕದಲದೆ ಉಳಿದವು ಆಸೆಯ ಬೆಲೆ. ನಿಮ್ಮ ಮೆಕ್ಯಾನಿಕ್ ಬಳಿ ಈಚೆಗೆ ಕೈ ಬದಲಾದ ಗಾಡಿ ಎಷ್ಟಕ್ಕೆ ಹೋಯಿತು ಎಂದೂ ಕೇಳಿ, ಅದಕ್ಕೇ ಹೆಚ್ಚು ತೂಕ ಕೊಡಿ.

ಲೆಕ್ಕ ತೋರಿಸಲು ಮಾತ್ರ ಒಂದು ಉದಾಹರಣೆ, ಈ ಅಂಕಿಗಳನ್ನು ಪೇಟೆ ದರ ಎಂದುಕೊಳ್ಳಬೇಡಿ. ಚೆನ್ನಾಗಿರುವ ಗಾಡಿಗೆ 4,00,000 ನಡೆಯುತ್ತಿದೆ ಎನ್ನಿ. ಟಿಂಕರಿಂಗ್ 60,000, ಕಿಂಗ್‌ಪಿನ್ ಮತ್ತು ಬ್ರೇಕ್ 25,000, ನವೀಕರಣ ಬಾಕಿ 20,000, ಟೈರು 30,000. ಕಳೆದರೆ 2,65,000. ಬಿಚ್ಚಿದ ಮೇಲೆ ಕಾಣುವ ಕೆಲಸಕ್ಕೆ ಶೇ. 10 ಕಳೆಯಿರಿ: 2,38,500. ಕೊಳ್ಳುವವರು ಇಲ್ಲಿಂದ ಮಾತು ಶುರು ಮಾಡಬಹುದು, 2,65,000 ದಾಟಬಾರದು. ಮಾರುವವರು ಇದೇ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡರೆ ಬ್ರೋಕರ್ ಬಂದು ಒಂದೊಂದೇ ಕುಂದು ಹೇಳಿ ಬೆಲೆ ಮುರಿಯುವಾಗ ಎಲ್ಲಿ ನಿಲ್ಲಬೇಕು ಎಂದು ತಿಳಿದಿರುತ್ತದೆ. ಇಷ್ಟು ಹಳೇ ಗಾಡಿಗೆ ಸಾಲ ಸಿಗುವುದು ಕಷ್ಟ, ಗಿರಾಕಿ ಕೈಯಿಂದಲೇ ಹಣ ಹೊಂದಿಸಬೇಕು. ಹಾಗಾಗಿ ಒಳ್ಳೆಯ ಗಾಡಿಯೂ ಮಾರಾಟಕ್ಕೆ ತಿಂಗಳು ತೆಗೆದುಕೊಳ್ಳಬಹುದು. ಅವಸರ ತೋರಿಸಿದವರಿಗೆ ನಷ್ಟ.

ಹಂತ 9: ಕೈ ಬದಲಾಗುವ ದಿನ

ಮಾರಾಟ ತಿಳಿಸುವ ಫಾರ್ಮ್ 29 ಎರಡು ಪ್ರತಿ, ಹೆಸರು ವರ್ಗಾವಣೆಯ ಫಾರ್ಮ್ 30, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಸಿದ್ಧವಿರಲಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಸಹಿ ಮಾಡಿದ ಖಾಲಿ ಫಾರ್ಮ್ ಕೊಟ್ಟು ಸುಮ್ಮನಾಗಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಟ್ರಾಫಿಕ್ ದಂಡದ ಬಾಕಿಯನ್ನು ಬೆಂಗಳೂರು ಒನ್‌ನಲ್ಲಿ ಕಟ್ಟಿ ರಸೀದಿ ಕೊಡಿ. ಗಾಡಿ ಹಸ್ತಾಂತರಿಸಿದ ದಿನ, ಗಂಟೆ, ಕಿಲೋಮೀಟರ್ ಬರೆದು ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಹೊಸ ಹೆಸರಿನ ಆರ್‌ಸಿ ಬರುವವರೆಗೆ ಕೊನೆಯ ಒಂದು ಕಂತು ತಡೆದಿಡುವುದಾಗಿ ಕೊಳ್ಳುವವರು ಮೊದಲೇ ಮಾತಾಡಿಕೊಂಡಿದ್ದರೆ ಆ ಮೊತ್ತವನ್ನೂ ಅದೇ ಕಾಗದದಲ್ಲಿ ಬರೆಯಿರಿ.